ಐತಿಹಾಸಿಕ ಸಿನಿಮಾಗೆ ಎರಡು ಇಸವಿ ಇರುತ್ತವೆ

ನಮಸ್ಕಾರ. ಈಗೀಗ ಐತಿಹಾಸಿಕ ಸಿನಿಮಾ ಅಂದರೆ ಟ್ರೈಲರ್ ಬಂದ ದಿನವೇ ಜಗಳ. ಒಬ್ಬರು "ಇದೇ ನಿಜವಾದ ಇತಿಹಾಸ" ಅನ್ನುತ್ತಾರೆ, ಇನ್ನೊಬ್ಬರು "ಎಲ್ಲಾ ಕಟ್ಟುಕಥೆ" ಅನ್ನುತ್ತಾರೆ. ಸಿನಿಮಾವನ್ನು ಇಬ್ಬರೂ ಇನ್ನೂ ನೋಡಿರುವುದಿಲ್ಲ. ಇವತ್ತು ಇದರ ಬಗ್ಗೆ ಸ್ವಲ್ಪ ಬಿಡಿಸಿ ಮಾತಾಡಬೇಕು ಅನಿಸಿದೆ.

ಇಂಥ ಪ್ರತಿ ಕಥೆಗೂ ಎರಡು ಇಸವಿ ಇರುತ್ತವೆ. ಒಂದು, ಕಥೆ ನಡೆಯುವ ಇಸವಿ. ಇನ್ನೊಂದು, ಅದನ್ನು ಬರೆದ ಅಥವಾ ತೆಗೆದ ಇಸವಿ. ನಾವು ಜಗಳವಾಡುವುದೆಲ್ಲ ಮೊದಲನೆಯದರ ಬಗ್ಗೆ. ಇವತ್ತು ನಾವು ಯಾಕೆ ಹೀಗೆ ಒಡೆದು ನಿಂತಿದ್ದೇವೆ ಅಂತ ತಿಳಿಯಬೇಕಾದರೆ ಎರಡನೆಯದನ್ನೂ ನೋಡಬೇಕು.

ಕಲ್ಯಾಣದ ಕಥೆಯನ್ನೇ ತಗೊಳ್ಳಿ. ಹನ್ನೆರಡನೇ ಶತಮಾನ, ಬಸವಣ್ಣ, ಬಿಜ್ಜಳ. ಅದನ್ನು ಲಂಕೇಶ್ 1971ರಲ್ಲಿ 'ಸಂಕ್ರಾಂತಿ' ನಾಟಕ ಮಾಡಿದರು. 1986ರಲ್ಲಿ ಶಿವಪ್ರಕಾಶ್ 'ಮಹಾಚೈತ್ರ' ಬರೆದರು. 1990ರಲ್ಲಿ ಕಾರ್ನಾಡರ 'ತಲೆದಂಡ' ಬಂತು. ಊರು ಅದೇ, ರಾಜ ಅವನೇ, ನಾಟಕ ಮಾತ್ರ ಬೇರೆ ಬೇರೆ. ಅಯೋಧ್ಯೆಯ ಮಂದಿರ ಮತ್ತು ಮಂಡಲ್ (ಹಿಂದುಳಿದ ವರ್ಗಗಳ ಮೀಸಲಾತಿ) ವಿವಾದಗಳು ದೇಶವನ್ನು ಕುದಿಸುತ್ತಿದ್ದಾಗ, ಶರಣರು ಎತ್ತಿದ ಪ್ರಶ್ನೆಗಳು ಎಷ್ಟು ಹತ್ತಿರದವು ಅನ್ನಿಸಿತು ಅಂತ ಕಾರ್ನಾಡರೇ ಹೇಳಿದ್ದಾರೆ.

'ತಲೆದಂಡ'ದಲ್ಲಿ ಸಮಗಾರ ಹರಳಯ್ಯನ ಮಗನಿಗೂ ಬ್ರಾಹ್ಮಣನಾಗಿ ಹುಟ್ಟಿದ ಮಧುವರಸನ ಮಗಳಿಗೂ ಮದುವೆ ಗೊತ್ತಾಗುತ್ತದೆ. ಶರಣರಿಗೆ ಸಂಭ್ರಮ. ಆದರೆ ಆ ಎರಡು ಮನೆಯ ತಾಯಂದಿರನ್ನು ಗಮನಿಸಿ. ಅವರ ಎದೆಯಲ್ಲಿ ಭಯ. ಮದುವೆಯಾದ ಮೇಲೆ ಈ ಮಕ್ಕಳನ್ನು ಊರು ಬದುಕಲು ಬಿಡುತ್ತದಾ? ಜಾತಿ ಬೇಡ ಅಂತ ದಿನಾ ಹೇಳುತ್ತಿದ್ದ ಬಸವಣ್ಣನೂ ಅಲ್ಲಿ ತಡವರಿಸುತ್ತಾನೆ, ಇದಕ್ಕೆ ಕಾಲ ಮಾಗಿದೆಯಾ ಅಂತ. ನನಗೆ ಇಡೀ ನಾಟಕದಲ್ಲಿ ಜಾಸ್ತಿ ಕಾಡುವುದು ಈ ಭಾಗವೇ. ಸಮಾನತೆಯನ್ನು ವೇದಿಕೆ ಮೇಲೆ ಒಪ್ಪಿಕೊಂಡವರು, ಅದು ಸ್ವಂತ ಮಗಳ ಮದುವೆಯಾಗಿ ಹೊಸ್ತಿಲಿಗೆ ಬಂದಾಗ ಏನು ಮಾಡುತ್ತಾರೆ? ಬೇರೆ ಜಾತಿಯವರನ್ನು ಮದುವೆಯಾದರು ಅಂತ ಮಕ್ಕಳನ್ನು ಕೊಂದ ಸುದ್ದಿಯನ್ನು ನಾವು ಇವತ್ತಿಗೂ ಓದುತ್ತಿದ್ದೇವೆ. 'ಮರ್ಯಾದೆಗೇಡು ಹತ್ಯೆ' ಅಂತ ಪತ್ರಿಕೆಗಳು ಬರೆಯುತ್ತವೆ. ಹಾಗಿರುವಾಗ ಈ ನಾಟಕವನ್ನು ಹಳೇ ಕಾಲದ್ದು ಅಂತ ಪಕ್ಕಕ್ಕಿಡಲು ನನಗೆ ಆಗುವುದಿಲ್ಲ.

ಹಾಗಂತ ಐತಿಹಾಸಿಕ ಕಥೆಗಳೆಲ್ಲ ಒಳ್ಳೆಯದನ್ನೇ ಮಾಡುತ್ತವೆ ಅಂತಲ್ಲ. ಅಮೆರಿಕದಲ್ಲಿ 1915ರಲ್ಲಿ 'ದ ಬರ್ತ್ ಆಫ್ ಎ ನೇಷನ್' ಬಂತು. ನಿರ್ದೇಶಕ ಡಿ.ಡಬ್ಲ್ಯು. ಗ್ರಿಫಿತ್. ಕಥೆ ಅವರ ಅಂತರ್ಯುದ್ಧದ ಕಾಲದ್ದು ಮತ್ತು ಅದರ ನಂತರದ್ದು. ಕರಿಯರ ಮುಖ್ಯ ಪಾತ್ರಗಳನ್ನು ಮುಖಕ್ಕೆ ಮಸಿ ಬಳಿದುಕೊಂಡ ಬಿಳಿಯ ನಟರು ಮಾಡಿದರು. ಬಿಳಿಯರೇ ಮೇಲು ಅಂತ ಕರಿಯರ ಮೇಲೆ ಹಿಂಸೆ ನಡೆಸಿದ ಕು ಕ್ಲಕ್ಸ್ ಕ್ಲಾನ್ ಅನ್ನುವ ಸಂಘಟನೆ ಅಲ್ಲಿ ಹೀರೋ. ಅಧ್ಯಕ್ಷ ವುಡ್ರೋ ವಿಲ್ಸನ್‌ಗೆ ಅದನ್ನು ಶ್ವೇತಭವನದಲ್ಲೇ ತೋರಿಸಿದರು. ಎಷ್ಟೋ ವರ್ಷಗಳ ಹಿಂದೆ ಸತ್ತುಹೋಗಿದ್ದ ಆ ಸಂಘಟನೆ ಅದೇ ವರ್ಷದ ಕೊನೆಯಲ್ಲಿ ಜಾರ್ಜಿಯಾದ ಸ್ಟೋನ್ ಮೌಂಟನ್ ಮೇಲೆ ಮತ್ತೆ ಹುಟ್ಟಿತು. ಅವತ್ತು ಅವರು ಅಲ್ಲಿ ಶಿಲುಬೆಗೆ ಬೆಂಕಿ ಹಚ್ಚಿದರು. ಹಳೆಯ ಕ್ಲಾನ್‌ನಲ್ಲಿ ಆ ಪದ್ಧತಿಯೇ ಇರಲಿಲ್ಲ. ಅದು ಈ ಸಿನಿಮಾದಿಂದ, ಸಿನಿಮಾಕ್ಕೆ ಆಧಾರವಾದ ಕಾದಂಬರಿಯಿಂದ ಬಂದದ್ದು. ಕಥೆಗಾರ ಕಲ್ಪಿಸಿದ್ದನ್ನು ಜನ ಸಂಪ್ರದಾಯ ಮಾಡಿಕೊಂಡರು. "ಸುಮ್ನೆ ಒಂದು ಸಿನಿಮಾ ತಾನೇ, ಯಾಕೆ ಇಷ್ಟು ತಲೆ ಕೆಡಿಸಿಕೊಳ್ತೀರಾ" ಅನ್ನುವವರಿಗೆ ನಾನು ಹೇಳುವುದು ಇದನ್ನೇ.

ಹಾಗಾದರೆ ಒಳ್ಳೆಯದು ಯಾವುದು ಅಂತ ಹೇಗೆ ಗುರುತಿಸುವುದು? ನಾನು ನೋಡುವುದು ಒಂದೇ. ಆ ಸಿನಿಮಾ ಕೆಟ್ಟದ್ದನ್ನೆಲ್ಲ ಒಂದು ಸಮುದಾಯದ ತಲೆಗೆ ಕಟ್ಟಿ ನನ್ನನ್ನು ಹಾಯಾಗಿ ಮನೆಗೆ ಕಳಿಸುತ್ತಾ? ಅಥವಾ ಕೆಟ್ಟದ್ದು ಹೇಗೆ ಸಣ್ಣ ಸಣ್ಣದಾಗಿ, ನಮ್ಮಂಥವರ ಕೈಯಿಂದಲೇ ನಡೆಯುತ್ತದೆ ಅಂತ ತೋರಿಸುತ್ತಾ?

ನಮ್ಮ ಮೈಸೂರಿನವರೇ ಆದ ಎಂ.ಎಸ್. ಸತ್ಯು 1973ರಲ್ಲಿ 'ಗರ್ಮ್ ಹವಾ' ತೆಗೆದರು. ದೇಶ ವಿಭಜನೆಯ ಸಿನಿಮಾ. ಆದರೆ ಕತ್ತಿ ಹಿಡಿದ ಗುಂಪುಗಳು, ಹೆಣ ತುಂಬಿದ ರೈಲು ಅಲ್ಲಿ ಕಾಣುವುದಿಲ್ಲ. ಆಗ್ರಾದಲ್ಲಿ ಸಲೀಂ ಮಿರ್ಜಾ ಅನ್ನುವವರು ಚಪ್ಪಲಿ ಬೂಟಿನ ಕಾರ್ಖಾನೆ ನಡೆಸುತ್ತಿರುತ್ತಾರೆ. ಇವರೂ ಪಾಕಿಸ್ತಾನಕ್ಕೆ ಹೋದರೆ ಸಾಲ ತೀರಿಸುವವರು ಯಾರು ಅಂತ ಬ್ಯಾಂಕು ಹಣ ಕೊಡುವುದಿಲ್ಲ. ಅವರಿರುವ ಹವೇಲಿ, ಅಂದರೆ ದೊಡ್ಡ ಮನೆ, ಅಣ್ಣನ ಹೆಸರಲ್ಲಿದೆ. ಅಣ್ಣ ಗಡಿ ದಾಟಿದ ಮೇಲೆ ಅದು ಕೈತಪ್ಪುತ್ತದೆ. ಬಾಡಿಗೆ ಮನೆ ಹುಡುಕಿಕೊಂಡು ಹೋದಲ್ಲೆಲ್ಲ ಹೆಸರು ಕೇಳಿದ ಕೂಡಲೇ ಮಾತು ಬದಲಾಗುತ್ತದೆ. ಕೊನೆಗೆ ಅವರು ಬಾಗಿಲಲ್ಲೇ ತಮ್ಮ ಹೆಸರು, ಧರ್ಮ ಎರಡನ್ನೂ ಮೊದಲೇ ಹೇಳಿಬಿಡುತ್ತಾರೆ, ಆಮೇಲೆ ಮನೆ ಕೇಳುತ್ತಾರೆ. ಮಿರ್ಜಾ ಪಾತ್ರದ ಬಲರಾಜ್ ಸಾಹ್ನಿ ಅದನ್ನು ದನಿ ಎತ್ತದೆ ಮಾಡಿದ್ದಾರೆ.

ಇನ್ನೊಂದು ಮಾತು. ಆ ಹವೇಲಿಯನ್ನು ಪಡೆಯುವ ವ್ಯಾಪಾರಿ ಅಜಮಾನಿ ರಾಕ್ಷಸನಲ್ಲ. ಅವರೂ ಸಿಂಧ್‌ನಲ್ಲಿ ಎಲ್ಲ ಕಳೆದುಕೊಂಡು ಬಂದವರು. ಮನೆ ಬಿಡುವವರು, ಮನೆಗೆ ಬರುವವರು ಇಬ್ಬರಿಗೂ ಗಾಯವಾಗಿದೆ. ಒಬ್ಬರ ನೋವು ತೋರಿಸಲು ಇನ್ನೊಬ್ಬರನ್ನು ಕೆಟ್ಟವರನ್ನಾಗಿ ಮಾಡಬೇಕಾಗಿಲ್ಲ ಅಂತ ಸತ್ಯು ಅವರಿಗೆ ಗೊತ್ತಿತ್ತು.

ಇಂಥ ಸಿನಿಮಾದಿಂದ ಗಲಭೆ ಆಗಬಹುದು ಅಂತ ಹೆದರಿ ಸೆನ್ಸಾರ್ ಮಂಡಳಿ ಅದನ್ನು ತಿಂಗಳುಗಟ್ಟಲೆ ತಡೆದಿತ್ತು. ಹೆಸರು ಕೇಳಿ ಬಾಡಿಗೆ ಮನೆ ಇಲ್ಲ ಅನ್ನುವುದು ಮಾತ್ರ ಇವತ್ತಿಗೂ ನಡೆಯುತ್ತಿದೆ, ಧರ್ಮ ನೋಡಿ, ಜಾತಿ ನೋಡಿ, ಊಟ ನೋಡಿ. ಹಾಗೆ ಇಲ್ಲ ಅನ್ನುವವರು ತಮ್ಮನ್ನು ಕೆಟ್ಟವರು ಅಂದುಕೊಂಡಿರುವುದಿಲ್ಲ, ಅಲ್ವಾ? ಆ ಸಿನಿಮಾದ ಮನೆ ಮಾಲೀಕರೂ ಅಂದುಕೊಂಡಿರಲಿಲ್ಲ.

'ಗರ್ಮ್ ಹವಾ' ಇನ್ನೂ ನೋಡಿಲ್ಲದಿದ್ದರೆ ನೋಡಿ. ಒಬ್ಬರೇ ನೋಡಬೇಡಿ. ನಿಮ್ಮ ಮನೆಯಲ್ಲಿ, ಗೆಳೆಯರಲ್ಲಿ ನಿಮ್ಮ ಪಕ್ಷಕ್ಕೆ ಎಂದೂ ವೋಟು ಹಾಕದವರು ಒಬ್ಬರಾದರೂ ಇರುತ್ತಾರೆ. ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡು ನೋಡಿ. ಮುಗಿದ ಮೇಲೆ, ಆ ಮನೆ ಮಾಲೀಕರ ಜಾಗದಲ್ಲಿ ನೀವಿದ್ದಿದ್ದರೆ ಏನು ಹೇಳುತ್ತಿದ್ದಿರಿ ಅಂತ ಅವರನ್ನು ಕೇಳಿ. ನೀವೂ ಉತ್ತರ ಕೊಡಿ.