ಮೂರೂವರೆ ಇಂಚಿನ ಬಟ್ಟೆ ಮತ್ತು ಅದರ ಬೆನ್ನ ಮೇಲಿನ ಹೆಸರು

ಮಾನ್ಯರೇ,

ಎರಡೂವರೆ ಇಂಚು ಅಗಲ, ಮೂರೂವರೆ ಇಂಚು ಉದ್ದದ ಒಂದು ತುಂಡು ಬಟ್ಟೆಯ ಬಗ್ಗೆ ಮಾತನಾಡಲು ನಾನು ಇಲ್ಲಿ ನಿಂತಿದ್ದೇನೆ. ದಾರ, ಉಣ್ಣೆ, ಬಟ್ಟೆಯ ಚೂರು, ಮಣಿ ಇವುಗಳಿಂದ ಆ ಅಳತೆಯೊಳಗೆ ಒಂದು ಕೃತಿಯನ್ನು ಮಾಡಿ, ಅದನ್ನು ಯಾರಿಗೂ ಮಾರದೆ, ಇನ್ನೊಬ್ಬ ಕಲಾವಿದರು ಅದೇ ಅಳತೆಯಲ್ಲಿ ಮಾಡಿದ ಕೃತಿಗೆ ಬದಲಾಗಿ ಕೊಡುವ ಪದ್ಧತಿ ಹಲವು ದೇಶಗಳಲ್ಲಿ ಬೇರೂರಿದೆ. ಇದನ್ನು ಆರ್ಟಿಸ್ಟ್ ಟ್ರೇಡಿಂಗ್ ಕಾರ್ಡ್ ಅಥವಾ ಎಟಿಸಿ ಎನ್ನುತ್ತಾರೆ; ಈ ಉಪನ್ಯಾಸದಲ್ಲಿ ನಾನು ವಿನಿಮಯ ಕಾರ್ಡ್ ಎನ್ನುತ್ತೇನೆ. ಇಂಥ ಕಾರ್ಡುಗಳ ಅಂದಚಂದದ ಬಗ್ಗೆ ಬೇಕಾದಷ್ಟು ಹೇಳಬಹುದು. ಆದರೆ ಸೂಜಿ ಹಿಡಿದು ಬದುಕಿದ ಹೆಂಗಸರ ನಡುವೆ ಬೆಳೆದ ನನಗೆ ಕಾರ್ಡಿನ ಮುಖಕ್ಕಿಂತ ಅದರ ಬೆನ್ನು ಮುಖ್ಯವಾಗಿ ಕಾಣುತ್ತದೆ. ಏಕೆಂದರೆ ಅಲ್ಲಿ ಮಾಡಿದವರ ಹೆಸರು ಇರಲೇಬೇಕು ಎನ್ನುವುದು ಈ ಪದ್ಧತಿಯ ನಿಯಮ.

ಮೊದಲಿಗೆ ಇದರ ಹುಟ್ಟನ್ನು ಸ್ವಲ್ಪದರಲ್ಲಿ ಹೇಳಿಬಿಡುತ್ತೇನೆ. ಸ್ವಿಟ್ಜರ್ಲೆಂಡಿನ ಜ್ಯೂರಿಕ್ ನಗರದಲ್ಲಿ ಎಂ. ವೆಂಚಿ ಸ್ಟಿರ್ನೆಮನ್ ಎಂಬ ಕಲಾವಿದರು ಹಳೆಯ ಪುಸ್ತಕಗಳ ಅಂಗಡಿಯೊಂದನ್ನು ನಡೆಸುತ್ತಿದ್ದರು. 1997ರಲ್ಲಿ ಅವರು ತಮ್ಮ ಕೈಯಾರೆ ಮಾಡಿದ 1200 ಕಾರ್ಡುಗಳನ್ನು ಆ ಅಂಗಡಿಯಲ್ಲಿ ಪ್ರದರ್ಶನಕ್ಕೆ ಇಟ್ಟರು. ನೋಡಲು ಬಂದವರಿಗೆ ಅವರು ಹೇಳಿದ್ದು ಇಷ್ಟು: ಬೇಕಾದವರು ಪ್ರದರ್ಶನದ ಕೊನೆಯ ದಿನ ತಾವೇ ಮಾಡಿದ ಕಾರ್ಡುಗಳನ್ನು ತಂದು, ಅವಕ್ಕೆ ಬದಲಾಗಿ ಇಲ್ಲಿನ ಕಾರ್ಡುಗಳನ್ನು ಒಯ್ಯಬಹುದು. ಕೆನಡಾದ ಕ್ಯಾಲ್ಗರಿ ನಗರದ ಡಾನ್ ಮೇಬಿ ಎಂಬ ಕಲಾವಿದರು ಇದನ್ನು ತಮ್ಮ ಊರಿಗೆ ಒಯ್ದರು. ಅದೇ ವರ್ಷ ಅಲ್ಲಿಯ ದಿ ನ್ಯೂ ಗ್ಯಾಲರಿಯಲ್ಲಿ ವಿನಿಮಯದ ಕೂಟಗಳು ಆರಂಭವಾದವು. ಮೇಬಿಯವರು ಅದಕ್ಕೂ ಮೊದಲೇ ಅಂಚೆಕಲೆಯಲ್ಲಿ ತೊಡಗಿದ್ದವರು, ಅಂದರೆ ಕೃತಿಗಳನ್ನು ಅಂಚೆಯ ಮೂಲಕ ಒಬ್ಬರಿಗೊಬ್ಬರು ಕಳಿಸುವ ಬಳಗಕ್ಕೆ ಸೇರಿದವರು. ಅಳತೆ ಮಾತ್ರ ಅಮೆರಿಕದ ಬೇಸ್‌ಬಾಲ್ ಆಟಗಾರರ ಚಿತ್ರದ ಕಾರ್ಡುಗಳದ್ದೇ. ಪೋಕರ್ ಇಸ್ಪೀಟ್ ಎಲೆಯ ಅಳತೆಯೂ ಅದೇ. ಹೀಗಾಗಿ ಹಳೆಯ ಇಸ್ಪೀಟ್ ಎಲೆಯೊಂದು ಕೈಯಲ್ಲಿದ್ದರೆ ಅಳತೆಪಟ್ಟಿಯೇ ಬೇಕಿಲ್ಲ. ಒಂಬತ್ತು ಜೇಬುಗಳಿರುವ ಪ್ಲಾಸ್ಟಿಕ್ ಹಾಳೆಗಳು ಆ ಕಾರ್ಡುಗಳಿಗಾಗಿ ಮೊದಲೇ ತಯಾರಾಗುತ್ತಿದ್ದುದರಿಂದ ಸಂಗ್ರಹಿಸಿ ಇಡುವುದೂ ಸುಲಭವಾಯಿತು.

ನಿಯಮಗಳು ಕೆಲವೇ. ಕಾರ್ಡನ್ನು ಸ್ವತಃ ಮಾಡಿರಬೇಕು. ಅಳತೆ ತಪ್ಪಬಾರದು. ಮಾರಬಾರದು. ಬೆನ್ನಿನ ಮೇಲೆ ಹೆಸರು, ದಿನಾಂಕ, ಕೃತಿಗೆ ಶೀರ್ಷಿಕೆಯಿದ್ದರೆ ಶೀರ್ಷಿಕೆ, ಒಂದೇ ಮಾದರಿಯವು ಹಲವಿದ್ದರೆ ಇದು ಎಷ್ಟನೆಯದು ಎಂಬ ಸಂಖ್ಯೆ ಇರಬೇಕು. ಮುಖಾಮುಖಿಯಾಗಿಯೇ ಬದಲಾಯಿಸಿಕೊಳ್ಳಬೇಕು ಎನ್ನುವುದು ಆರಂಭದ ಆಶಯವಾಗಿತ್ತು; ಈಗ ಅಂಚೆಯಲ್ಲೂ ನಡೆಯುತ್ತದೆ. ಮುಂದೆ ಇದೇ ಅಳತೆಯ ಕಾರ್ಡುಗಳನ್ನು ಈಬೇ ತಾಣದಲ್ಲಿ ಮಾರುವವರು ಬಂದರು. ಅವರ ಕಾರ್ಡುಗಳಿಗೆ ಎಸಿಇಒ ಎಂಬ ಬೇರೆ ಹೆಸರಿದೆ. ಕಲಾವಿದರು ಹೊಟ್ಟೆಪಾಡಿಗಾಗಿ ಮಾರುವುದರಲ್ಲಿ ತಪ್ಪೇನೂ ಇಲ್ಲ. ಆದರೆ ಎರಡನ್ನೂ ಬೇರೆಬೇರೆ ಹೆಸರಿನಿಂದ ಕರೆದದ್ದು ಒಳ್ಳೆಯದಾಯಿತು ಎಂದೇ ನನ್ನ ಅಭಿಪ್ರಾಯ. ಬೆಲೆ ಒಳಗೆ ಬಂದ ಕೂಡಲೇ ಒಬ್ಬರ ಕಾರ್ಡು ಹೆಚ್ಚು, ಇನ್ನೊಬ್ಬರದು ಕಡಿಮೆ ಎಂಬ ಲೆಕ್ಕವೂ ಬರುತ್ತದೆ. ವಿನಿಮಯದಲ್ಲಿ ಮೂವತ್ತು ವರ್ಷ ಸೂಜಿ ಹಿಡಿದವರ ಒಂದು ಕಾರ್ಡಿಗೆ ಈ ವರ್ಷವಷ್ಟೇ ಕಲಿತವರ ಒಂದು ಕಾರ್ಡು ಸಮ. ನಮ್ಮ ಹಳ್ಳಿಗಳಲ್ಲಿ ಮುಯ್ಯಾಳು ಹೋಗುವವರು ಕೂಲಿಯನ್ನು ಲೆಕ್ಕ ಹಾಕದೆ ಒಂದು ದಿನದ ದುಡಿಮೆಗೆ ಒಂದು ದಿನದ ದುಡಿಮೆಯನ್ನೇ ಹಿಂದಿರುಗಿಸುವಂತೆ, ಇಲ್ಲಿಯೂ ಕೈಕೆಲಸಕ್ಕೆ ಕೈಕೆಲಸವೇ ಸಲ್ಲುತ್ತದೆ.

ಬಣ್ಣ ಬಳಿದ ಕಾಗದದ ಕಾರ್ಡಿಗಿಂತ ದಾರದ ಕಾರ್ಡಿನಲ್ಲಿ ಈ ಮಾತು ಹೆಚ್ಚು ಒಪ್ಪುತ್ತದೆ. ಹೊಲಿಗೆಯ ಕೆಲಸಕ್ಕೆ ಹಿಡಿಯುವ ಹೊತ್ತಿಗೂ ಪೇಟೆಯಲ್ಲಿ ಅದಕ್ಕೆ ಸಿಗುವ ಹಣಕ್ಕೂ ಎಂದೂ ತಾಳೆಯಾಗುವುದಿಲ್ಲ ಎನ್ನುವುದನ್ನು ಇಲ್ಲಿ ಕುಳಿತಿರುವ ನೀವೆಲ್ಲ ಬಲ್ಲಿರಿ. ಸೀರೆಗೆ ಕಸೂತಿ ಹಾಕಿಕೊಡುವವರು ಹೂವಿನ ಲೆಕ್ಕದಲ್ಲೋ ಸೀರೆಯ ಲೆಕ್ಕದಲ್ಲೋ ಕೂಲಿ ಪಡೆಯುತ್ತಾರೆ. ಕೊಳ್ಳುವವರು ಕೊಟ್ಟ ಬಣ್ಣ, ಕೇಳಿದ ವಿನ್ಯಾಸವೇ ಕೊನೆಯ ಮಾತು. ಆ ಕೆಲಸದ ನಡುವೆ, ಅಂಗೈಯಲ್ಲಿ ಹಿಡಿಸುವಷ್ಟು ಬಟ್ಟೆಯ ಮೇಲೆ ತನಗೆ ಬೇಕೆನಿಸಿದ ಬಣ್ಣವನ್ನು ತನಗೆ ಬೇಕೆನಿಸಿದ ಕಡೆ ಇಡುವ ಸ್ವಾತಂತ್ರ್ಯ ಸಣ್ಣದಲ್ಲ.

ಈಗ ಮಾಡುವ ಬಗೆಗೆ ಬರುತ್ತೇನೆ. ಇಲ್ಲಿ ಸ್ವಲ್ಪ ನಿಧಾನಿಸುವುದು ಅಗತ್ಯ. ಬಟ್ಟೆ ಬಾಗುವ ವಸ್ತು, ಕಾರ್ಡು ನೆಟ್ಟಗೆ ನಿಲ್ಲಬೇಕಾದ ವಸ್ತು. ಈ ಎರಡನ್ನೂ ಹೊಂದಿಸುವುದೇ ಮೊದಲ ಕೆಲಸ. ವಿದೇಶಗಳಲ್ಲಿ ಇದಕ್ಕೆಂದೇ ದಪ್ಪನೆಯ ಇಂಟರ್‌ಫೇಸಿಂಗ್ ಸಿಗುತ್ತದೆ. ಅಂಗಿಯ ಕಾಲರಿಗೆ ನಮ್ಮ ದರ್ಜಿಗಳು ಹಾಕುವ ಬಕ್ರಂ ಎರಡು ಪದರವಾದರೆ ಆ ಕೆಲಸಕ್ಕೆ ಧಾರಾಳವಾಗಿ ಸಾಕು. ಕಸೂತಿಯನ್ನು ಕಾರ್ಡಿನ ಅಳತೆಗೆ ಕತ್ತರಿಸಿದ ಬಟ್ಟೆಯ ಮೇಲೆ ಹಾಕಲು ಹೋಗಬಾರದು. ಅಷ್ಟು ಚಿಕ್ಕ ತುಂಡು ರಿಂಗಿನಲ್ಲಿ ನಿಲ್ಲುವುದಿಲ್ಲ, ಅಂಚಿನ ಎಳೆಗಳೂ ಬಿಚ್ಚಿಕೊಳ್ಳುತ್ತವೆ. ದೊಡ್ಡ ಬಟ್ಟೆಯ ಮೇಲೆ ಕಾರ್ಡಿನ ಗಡಿಯನ್ನು ಗುರುತಿಸಿಕೊಂಡು, ಕೆಲಸವನ್ನು ಮುಗಿಸಿ, ಬಕ್ರಮ್ಮಿನ ಮೇಲೆ ಕೂರಿಸಿದ ನಂತರವೇ ಕತ್ತರಿ ಹಾಕಬೇಕು. ಸುತ್ತಲೂ ಒತ್ತಾದ ಕಾಜಾ ಹೊಲಿಗೆಯನ್ನೋ ಯಂತ್ರದ ಜಿಗ್‌ಜ್ಯಾಗನ್ನೋ ಹಾಕಿದರೆ ದಾರದ ದಪ್ಪ ಪ್ರತಿ ಅಂಚಿಗೂ ಸೇರಿಕೊಳ್ಳುತ್ತದೆ. ಆದ್ದರಿಂದ 64 ಮಿಲಿಮೀಟರ್ ಅಗಲ, 89 ಮಿಲಿಮೀಟರ್ ಉದ್ದದ ಕಾರ್ಡಿಗೆ ಬಟ್ಟೆಯನ್ನು 62 ಮತ್ತು 87ಕ್ಕೆ ಕತ್ತರಿಸುವುದು ಲೇಸು. ಇಲ್ಲವಾದರೆ ಪ್ಲಾಸ್ಟಿಕ್ ಜೇಬಿನೊಳಗೆ ತುರುಕುವಾಗ ಅಂಚು ಮುದುಡುತ್ತದೆ.

ಎಳೆ ಎಣಿಸಿ ಹಾಕುವ ಕಸೂತಿಗೆ ಈ ಅಳತೆ ಹೇಳಿ ಮಾಡಿಸಿದ್ದು. ಇಂಚಿಗೆ 14 ಚೌಕಗಳಿರುವ ಮ್ಯಾಟಿ ಬಟ್ಟೆಯನ್ನು ತೆಗೆದುಕೊಂಡರೆ ಕಾರ್ಡಿನ ಅಗಲಕ್ಕೆ 35 ಚೌಕ, ಉದ್ದಕ್ಕೆ 49 ಚೌಕ ಸಿಗುತ್ತವೆ. ಎರಡೂ ಬೆಸಸಂಖ್ಯೆಗಳು. ಹಾಗಾಗಿ ನಟ್ಟನಡುವೆ ಒಂದು ಚೌಕದ ಸಾಲು ಉಳಿಯುತ್ತದೆ. ಅದರ ಎರಡೂ ಮಗ್ಗುಲಿಗೆ ಹದಿನೇಳು ಹದಿನೇಳು ಚೌಕಗಳಂತೆ ಗೋಪುರವನ್ನೋ ತೇರನ್ನೋ ತುಳಸಿಕಟ್ಟೆಯನ್ನೋ ಒಂದಿಷ್ಟೂ ಓರೆಯಾಗದಂತೆ ನಿಲ್ಲಿಸಬಹುದು. ಅಂಚಿಗೆ ಮೂರು ಮೂರು ಚೌಕಗಳನ್ನು ಬಿಟ್ಟರೂ ಕೆಲಸಕ್ಕೆ 29 ಮತ್ತು 43 ಉಳಿಯುತ್ತವೆ. ಆರೆಳೆಯ ದಾರದಲ್ಲಿ ಎರಡು ಎಳೆ ಸಾಕು. ಸೂಕ್ಷ್ಮವಾದ ಗೆರೆ ಬೇಕಿದ್ದರೆ ಒಂದೇ ಎಳೆ.

ಇಲ್ಲಿಯೇ ಬೆನ್ನಿನ ಪ್ರಶ್ನೆ ಎದುರಾಗುತ್ತದೆ. ಬೇರೆ ದೇಶದ ಬಟ್ಟೆಕಾರ್ಡುಗಳಲ್ಲಿ ಹಿಂಬದಿಯ ಗಂಟು, ದಾರದ ಓಡಾಟ ಕಾಣದಂತೆ ಒಂದು ಕಾಗದವನ್ನೋ ಸಾದಾ ಬಟ್ಟೆಯನ್ನೋ ಅಂಟಿಸಿ ಅದರ ಮೇಲೆ ಹೆಸರು ಬರೆಯುವುದು ರೂಢಿ. ಆದರೆ ಧಾರವಾಡದ ಕಸೂತಿಯ ಗವಂತಿ ಎಂಬ ಹೊಲಿಗೆಯಲ್ಲಿ ಸೂಜಿ ಹೋಗುವಾಗ ಒಂದು ಬಿಟ್ಟು ಒಂದು ಮನೆಯನ್ನು ತುಂಬುತ್ತದೆ, ಮರಳುವಾಗ ಬಿಟ್ಟ ಮನೆಗಳನ್ನು ತುಂಬುತ್ತದೆ. ಗಂಟು ಹಾಕುವ ಪದ್ಧತಿಯೇ ಇಲ್ಲ. ಹಾಗಾಗಿ ಬಟ್ಟೆಯ ಎರಡೂ ಬದಿಗಳಲ್ಲಿ ಒಂದೇ ಚಿತ್ರ ಮೂಡುತ್ತದೆ. ಮುರಗಿ ಎಂಬ ಇನ್ನೊಂದು ಹೊಲಿಗೆಯೂ ಹೀಗೆಯೇ. ಅಂಥ ಕಾರ್ಡಿನ ಬೆನ್ನಿಗೆ ಕಾಗದ ಅಂಟಿಸುವುದೆಂದರೆ ಆ ಕಲೆಯ ಹೆಚ್ಚುಗಾರಿಕೆಯನ್ನೇ ಮುಚ್ಚಿಟ್ಟಂತೆ. ಹೆಸರನ್ನೂ ಗವಂತಿಯಲ್ಲೇ ಹೊಲಿಯೋಣವೆಂದರೆ ಒಂದು ಬದಿಯಲ್ಲಿ ನೆಟ್ಟಗಿರುವ ಅಕ್ಷರ ಇನ್ನೊಂದು ಬದಿಯಲ್ಲಿ ಕನ್ನಡಿಯೊಳಗಿನಂತೆ ತಿರುಗಿ ಕಾಣುತ್ತದೆ. ಇದಕ್ಕೆ ನನಗೆ ಒಪ್ಪಿಗೆಯಾದ ದಾರಿ ಎಂದರೆ ಬಕ್ರಮ್ಮನ್ನು ನಡುವೆ ಕಿಟಕಿಯಂತೆ ಕತ್ತರಿಸಿ, ಕಸೂತಿಯ ಬಟ್ಟೆಯನ್ನು ಆ ಚೌಕಟ್ಟಿನಲ್ಲಿ ಬಿಗಿದು, ಬೆನ್ನಿನ ಕೆಳ ಅಂಚಿಗೆ ಬೆರಳಿನ ಅಗಲದ ಒಂದು ಹತ್ತಿಯ ಪಟ್ಟಿಯನ್ನು ಹೊಲಿದು ಅದರ ಮೇಲೆ ಹೆಸರು, ಊರು, ದಿನಾಂಕಗಳನ್ನು ಬರೆಯುವುದು. ಆಗ ಎರಡೂ ಮುಖ ತೆರೆದಿರುತ್ತವೆ, ಹೆಸರೂ ಉಳಿಯುತ್ತದೆ. ನೇಯ್ಗೆ ಮತ್ತು ಮೆಂತೆ ಹೊಲಿಗೆಗಳಲ್ಲಿ ಹಿಂಬದಿ ಬೇರೆಯಾಗಿಯೇ ಕಾಣುವುದರಿಂದ ಈ ತೊಡಕಿಲ್ಲ.

ಅಂಚಿನ ಸಮಸ್ಯೆಗೆ ಅಚ್ಚುಕಟ್ಟಾದ ಪರಿಹಾರ ಇರುವುದು ಉತ್ತರ ಕನ್ನಡದ ಸಿದ್ದಿ ಹೆಣ್ಣುಮಕ್ಕಳ ಕೌದಿಯಲ್ಲಿ. ಹಳಿಯಾಳ, ಯಲ್ಲಾಪುರ, ಮುಂಡಗೋಡ ಸೀಮೆಯಲ್ಲಿ ನೆಲೆಸಿರುವ ಈ ಆಫ್ರಿಕಾ ಮೂಲದ ಜನ ಹಳೆಯ ಬಟ್ಟೆಯ ತುಂಡುಗಳನ್ನು ಸೀರೆಯೊಂದರ ಮೇಲೆ ಕೂಡಿಸುವಾಗ ಹೊರಗಿನ ಅಂಚಿನಿಂದ ಆರಂಭಿಸುತ್ತಾರೆ. ಅಂಚನ್ನು ಒಳಕ್ಕೆ ಮಡಿಚುತ್ತ, ಸುತ್ತುತ್ತ ಸುತ್ತುತ್ತ ನಡುವಿಗೆ ಬಂದು ಸೇರುತ್ತಾರೆ. ಇದೇ ಕ್ರಮವನ್ನು ಕಾರ್ಡಿನ ಅಳತೆಗೆ ಇಳಿಸಿದರೆ ಕಾಜಾ ಹೊಲಿಗೆಯೂ ಬೇಡ, ಯಂತ್ರವೂ ಬೇಡ, ಹಾಸು ಹೊಲಿಗೆಯೊಂದೇ ಸಾಕು. ಒತ್ತಾದ ಸುತ್ತುಗಳೇ ಬಟ್ಟೆಗೆ ಗಟ್ಟಿತನವನ್ನು ಕೊಡುತ್ತವೆ. ಕೌದಿಯ ಮೂಲೆಗಳಲ್ಲಿ ಅವರು ಮಡಿಚಿ ಹೊಲಿಯುವ ತ್ರಿಕೋನದ ಹೂವುಗಳನ್ನು ಮಾತ್ರ ಕಾರ್ಡಿನ ಗಡಿಯೊಳಗೇ ಕೂರಿಸಬೇಕಾಗುತ್ತದೆ. ಈ ಕ್ರಮವನ್ನು ಈಗ ಹೊರದೇಶಗಳ ಕೌದಿ ಹೊಲಿಯುವವರೂ ಕಲಿತು ಬಳಸುತ್ತಿದ್ದಾರೆ. ಅದರಲ್ಲಿ ನನಗೆ ಸಂತೋಷವಿದೆ, ಒಂದು ಒತ್ತಾಯವೂ ಇದೆ. ಕಲಿತ ವಿದ್ಯೆ ಯಾರದ್ದು ಎಂಬುದನ್ನೂ ಕಾರ್ಡಿನ ಬೆನ್ನಿನ ಮೇಲೆ ಬರೆಯಬೇಕು. ಮಾಡಿದವರ ಹೆಸರಿನ ಕೆಳಗೆ ‘ಸಿದ್ದಿ ಕೌದಿಯ ಕ್ರಮ’ ಎಂದು ಸೇರಿಸಲು ಎಷ್ಟು ಜಾಗ ಬೇಕು?

ಹೆಸರಿನ ವಿಷಯದಲ್ಲಿ ನಾನು ಇಷ್ಟು ಹಟ ಹಿಡಿಯಲು ಕಾರಣವಿದೆ. ಧಾರವಾಡದ ಕಸೂತಿ, ಸಂಡೂರಿನ ಲಂಬಾಣಿ ಕಸೂತಿ, ಇಳಕಲ್ ಸೀರೆ, ಇವೆಲ್ಲಕ್ಕೂ ಭೌಗೋಳಿಕ ಸೂಚಿಕೆಯ ಮಾನ್ಯತೆ ದೊರೆತಿದೆ. ಅದು ಊರಿನ ಹೆಸರನ್ನು ಕಾಪಾಡುತ್ತದೆ, ನಕಲಿ ಮಾಲಿನಿಂದ ರಕ್ಷಣೆ ಕೊಡುತ್ತದೆ. ಆ ಮಟ್ಟಿಗೆ ಅದು ದೊಡ್ಡ ಕೆಲಸ. ಆದರೆ ಸೀರೆಯ ಸೆರಗಿನಲ್ಲಿ ಆನೆಯನ್ನು ನಿಲ್ಲಿಸಿದ ಕೈ ಯಾವುದೆಂದು ಅದರಿಂದ ತಿಳಿಯುವುದಿಲ್ಲ. ಸಂಗ್ರಹಾಲಯಗಳಲ್ಲಿ ಇಂಥ ಬಟ್ಟೆಗಳ ಪಕ್ಕದ ಚೀಟಿಯನ್ನು ಓದಿ ನೋಡಿ. ಪ್ರದೇಶ ಇರುತ್ತದೆ, ಶತಮಾನ ಇರುತ್ತದೆ, ಮಾಡಿದವರ ಹೆಸರು ಬಹುಪಾಲು ಇರುವುದೇ ಇಲ್ಲ. ಹೊಲಿದವರಿಗೆ ಹೆಸರು ಬರೆಯಬೇಕೆಂದು ಅನ್ನಿಸಲಿಲ್ಲ, ಬರೆಸಬೇಕೆಂದು ಕೊಂಡವರಿಗೂ ಅನ್ನಿಸಲಿಲ್ಲ. ಮನೆಯ ಹೆಂಗಸರು ಮಾಡಿದ ಕೆಲಸವನ್ನು ಮನೆಯ ಕೆಲಸವೆಂದೇ ಎಣಿಸಿದ್ದರ ಫಲ ಇದು. ವಿನಿಮಯ ಕಾರ್ಡು ಈ ಅಭ್ಯಾಸವನ್ನು ಮುರಿಯುತ್ತದೆ. ಹೆಸರಿಲ್ಲದ ಕಾರ್ಡನ್ನು ಬದಲಾಯಿಸಿಕೊಳ್ಳಲು ಯಾರೂ ಒಪ್ಪುವುದಿಲ್ಲ. ಹಾಗಾಗಿ ಸಂಕೋಚದಿಂದ ‘ನಂದೇನು ಬರೀಲಿ’ ಎನ್ನುವವರೂ ಇಲ್ಲಿ ಬರೆಯಲೇಬೇಕಾಗುತ್ತದೆ.

ವಿನಿಮಯ ಎರಡು ರೀತಿಯಲ್ಲಿ ನಡೆಯುತ್ತದೆ ಎಂದೆನಷ್ಟೆ. ಅಂಚೆಯಲ್ಲಿ ನಡೆಯುವಾಗ ಸಾಮಾನ್ಯವಾಗಿ ಒಬ್ಬರು ಹೊಣೆ ಹೊರುತ್ತಾರೆ. ಎಲ್ಲರೂ ಅವರಿಗೆ, ಹೇಳೋಣ, ಮೂರು ಮೂರು ಕಾರ್ಡುಗಳನ್ನು ಕಳಿಸುತ್ತಾರೆ. ಅವರು ಬಂದದ್ದನ್ನೆಲ್ಲ ಬೆರೆಸಿ ಪ್ರತಿಯೊಬ್ಬರಿಗೂ ಬೇರೆ ಮೂವರ ಕಾರ್ಡುಗಳನ್ನು ಹಿಂದಿರುಗಿಸುತ್ತಾರೆ. ಮರುಅಂಚೆಯ ಲಕೋಟೆಯನ್ನೂ ಜೊತೆಗೆ ಇಡಬೇಕು. ಹೊರದೇಶಕ್ಕೆ ಕಳಿಸುವಾಗ ಅದರ ಮೇಲೆ ನಮ್ಮ ಅಂಚೆಚೀಟಿ ಹಚ್ಚಿದರೆ ಪ್ರಯೋಜನವಿಲ್ಲ, ಏಕೆಂದರೆ ಮರಳಿ ಹೊರಡುವುದು ಆ ದೇಶದ ಅಂಚೆಕಚೇರಿಯಿಂದ. ವೆಚ್ಚವನ್ನು ಹೇಗೆ ತೀರಿಸಬೇಕೆಂದು ಮೊದಲೇ ಮಾತಾಡಿಕೊಳ್ಳಬೇಕು. ಲಂಬಾಣಿ ಹೊಲಿಗೆಯ ಕನ್ನಡಿ, ಕವಡೆ, ದಪ್ಪ ಮಣಿಗಳಿದ್ದರೆ ಎರಡು ರಟ್ಟುಗಳ ನಡುವೆ ಇಟ್ಟು ಕಳಿಸಿ. ಅಂಚೆಯ ಮುದ್ರೆಯ ಏಟನ್ನು ಕನ್ನಡಿ ತಾಳುವುದಿಲ್ಲ.

ಅಂಚೆ ಅನಿವಾರ್ಯವಾದಾಗ ಸರಿ, ಆದರೂ ಎದುರುಬದುರು ಕುಳಿತು ಮಾಡುವ ವಿನಿಮಯವನ್ನೇ ನಾನು ಹೆಚ್ಚು ಮೆಚ್ಚುತ್ತೇನೆ. ಕಾರ್ಡನ್ನು ತಿರುವಿ ಎಳೆ ಎಲ್ಲಿಂದ ಹೊರಟು ಎಲ್ಲಿ ಮುಗಿಯಿತೆಂದು ಹುಡುಕಿದಾಗ, ಮಾಡಿದವರನ್ನೇ ‘ಇಲ್ಲಿ ಹೆಂಗ ತಿರುಗಿಸಿದ್ರಿ ಅಕ್ಕಾ’ ಎಂದು ಕೇಳಬಹುದು. ಅವರು ಸೂಜಿ ಎತ್ತಿಕೊಂಡು ತೋರಿಸಬಹುದು. ಲಕೋಟೆ ಆ ಪ್ರಶ್ನೆಗೆ ಉತ್ತರ ಹೇಳುವುದಿಲ್ಲ.

ಇನ್ನು ಸ್ವಲ್ಪ ಹೊತ್ತಿನಲ್ಲಿ ಪಕ್ಕದ ಕೋಣೆಯಲ್ಲಿ ಮೇಜುಗಳನ್ನು ಜೋಡಿಸುತ್ತಾರೆ. ತಂದಿರುವ ಕಾರ್ಡುಗಳನ್ನು ಮುಖ ಮೇಲಾಗಿ ಹರಡಿಡಿ. ಬೇಕಾದವರು ಕೇಳಲಿ; ಕೇಳಿದರೆಂದು ಕೊಡಲೇಬೇಕೆಂದಿಲ್ಲ, ಬೇಡವೆಂದರೆ ಯಾರೂ ಮುಖ ಸಣ್ಣ ಮಾಡಿಕೊಳ್ಳಬೇಕಾಗಿಯೂ ಇಲ್ಲ. ಕಾರ್ಡು ಕೈಬಿಡುವ ಮೊದಲು ಅದರ ಎರಡೂ ಬದಿಗಳನ್ನು ಮೊಬೈಲಿನಲ್ಲಿ ಚಿತ್ರ ತೆಗೆದಿಟ್ಟುಕೊಳ್ಳಿ, ಯಾರಿಗೆ ಕೊಟ್ಟಿರಿ ಎಂಬುದನ್ನು ಒಂದು ವಹಿಯಲ್ಲಿ ಬರೆದುಕೊಳ್ಳಿ. ಬೆನ್ನಿನ ಮೇಲೆ ಇನ್ನೂ ಹೆಸರು ಬರೆಯದವರು ಇದ್ದರೆ, ಬಟ್ಟೆಯ ಮೇಲೆ ಅಳಿಸದಂತೆ ಬರೆಯುವ ಪೆನ್ನುಗಳನ್ನು ಬಾಗಿಲ ಬಳಿಯ ಮೊದಲ ಮೇಜಿನ ಮೇಲೆ ಇಟ್ಟಿದ್ದೇವೆ.