ವರ್ಮಂದ್ವಾ: ಅರಸನನ್ನು ಸೆರೆಯಲ್ಲಿಟ್ಟ ಕೌಂಟರ ಸೀಮೆ

ಕೇಳುಗರಿಗೆ ನಮಸ್ಕಾರ. ಉತ್ತರ ಫ್ರಾನ್ಸಿನಲ್ಲಿ, ಸೊಮ್ ನದಿಯ ದಂಡೆಯಲ್ಲಿರುವ ಸೇಂಟ್ ಕ್ವೆಂಟಿನ್ ಪಟ್ಟಣವನ್ನೂ ಪೆರೋನ್ ಕೋಟೆಯನ್ನೂ ಒಳಗೊಂಡಿದ್ದ ಸೀಮೆಗೆ ವರ್ಮಂದ್ವಾ ಎಂದು ಹೆಸರು. ಸೀಸರನ ಕಾಲದಲ್ಲಿ ಅಲ್ಲಿ ನೆಲೆಸಿದ್ದ ವಿರೊಮಾಂಡುಯಿ ಎಂಬ ಗಾಲ್ ಬುಡಕಟ್ಟಿನಿಂದ ಆ ಹೆಸರು ಬಂದಿದೆ.

ಫ್ರಾಂಕರ ಚಕ್ರವರ್ತಿ ಶಾರ್ಲಮೇನನ ಆಳ್ವಿಕೆಯಲ್ಲಿ ಕೌಂಟ್ ಎಂದರೆ ಅರಸನಿಂದ ನೇಮಕಗೊಂಡ ಅಧಿಕಾರಿ. ನ್ಯಾಯ ತೀರ್ಮಾನಿಸುವುದು, ಅರಸನಿಗೆ ಸಲ್ಲಬೇಕಾದದ್ದನ್ನು ವಸೂಲು ಮಾಡುವುದು, ಯುದ್ಧಕಾಲದಲ್ಲಿ ದಂಡು ಕೂಡಿಸುವುದು ಅವನ ಕೆಲಸವಾಗಿತ್ತು; ಅರಸನು ಬೇಡವೆಂದರೆ ಆ ಹುದ್ದೆ ಹೋಗುತ್ತಿತ್ತು. ಆದರೆ 9ನೆಯ ಶತಮಾನದಲ್ಲಿ ವೈಕಿಂಗರ ದಾಳಿಯೂ ರಾಜವಂಶದ ಒಳಜಗಳವೂ ಒಟ್ಟಿಗೆ ಹೆಚ್ಚಿದಾಗ, ಜನರನ್ನು ಕಾಯುವ ಬಲ ಸ್ಥಳೀಯ ಕೌಂಟರ ಕೈ ಸೇರಿ, ಹುದ್ದೆಯು ತಂದೆಯಿಂದ ಮಗನಿಗೆ ಇಳಿದುಬರುವ ಆಸ್ತಿಯಾಯಿತು.

ಈ ಬದಲಾವಣೆ ಎಷ್ಟು ದೂರ ಹೋಯಿತೆಂಬುದಕ್ಕೆ ವರ್ಮಂದ್ವಾಕ್ಕಿಂತ ಸ್ಪಷ್ಟವಾದ ಸಾಕ್ಷಿ ನನಗೆ ಬೇರೆ ಕಾಣದು. ಅಲ್ಲಿನ ಕೌಂಟರ ಮೂಲಪುರುಷನು ಶಾರ್ಲಮೇನನ ಮೊಮ್ಮಗ, ಇಟಲಿಯ ಬರ್ನಾರ್ಡ್. 818ರಲ್ಲಿ ಚಕ್ರವರ್ತಿ ಲೂಯಿಯು, ದಂಗೆಯೆದ್ದನೆಂದು ಅವನ ಕಣ್ಣು ಕೀಳಿಸಿದಾಗ ಅವನು ಆ ಗಾಯದಿಂದಲೇ ಸತ್ತನು. ಒಂದು ಶತಮಾನದ ತರುವಾಯ ಬರ್ನಾರ್ಡನ ವಂಶಜನಾದ ಎರಡನೆಯ ಹರ್ಬರ್ಟನು, ಲೂಯಿಯ ವಂಶದ ಅರಸ ಮೂರನೆಯ ಚಾರ್ಲ್ಸನನ್ನು 923ರಲ್ಲಿ ನಂಬಿಸಿ ಕರೆಸಿಕೊಂಡು ಸೆರೆಗೆ ತಳ್ಳಿದನು. ಅಭಿಷಿಕ್ತನಾದ ಆ ಅರಸನು 929ರಲ್ಲಿ ಪೆರೋನಿನಲ್ಲಿ ಬಂದಿಯಾಗಿಯೇ ಕಣ್ಣುಮುಚ್ಚಿದನು. ಅವನನ್ನು ಬಿಟ್ಟುಬಿಡುವೆನೆಂಬ ಬೆದರಿಕೆಯೊಂದರಿಂದಲೇ, ಸಿಂಹಾಸನದಲ್ಲಿ ಕುಳಿತಿದ್ದ ರಾಲ್ಫ್ ದೊರೆಯನ್ನು ಹರ್ಬರ್ಟನು ವರ್ಷಗಟ್ಟಲೆ ಬಗ್ಗಿಸುತ್ತ ಬಂದನು. 925ರಲ್ಲಿ ಐದು ವರ್ಷದ ತನ್ನ ಮಗನನ್ನು ರ‍್ಯಾನ್ಸಿನ ಆರ್ಚ್‌ಬಿಷಪ್ ಪೀಠಕ್ಕೆ ಆಯ್ಕೆ ಮಾಡಿಸಿದನು. ವಂಶದ ಹಳೆಯ ಸೇಡು ಇದರಲ್ಲಿ ಇತ್ತೋ ಇಲ್ಲವೋ, ಅಧಿಕಾರದ ಲೆಕ್ಕಾಚಾರವಂತೂ ನಿಚ್ಚಳವಾಗಿ ಕಾಣುತ್ತದೆ.

943ರಲ್ಲಿ ಹರ್ಬರ್ಟನು ತೀರಿಕೊಂಡ ಮೇಲೆ ಮಕ್ಕಳು ಆಸ್ತಿಯನ್ನು ಹಂಚಿಕೊಂಡರು. ಅಂಥ ಬಲ ಮತ್ತೆ ಒಂದೇ ಕೈಯಲ್ಲಿ ಕೂಡಲಿಲ್ಲ. 11ನೆಯ ಶತಮಾನದಲ್ಲಿ ಓಡೊ ಎಂಬವನನ್ನು ಹಕ್ಕಿನಿಂದ ಹೊರಗಿಟ್ಟು, ಅವನ ಸೋದರಿ ಅಡಲೇಡಳಿಗೆ ಸೀಮೆಯನ್ನು ಕೊಟ್ಟರು. ಆಕೆಯನ್ನು ವರಿಸಿದ ಅರಸನ ತಮ್ಮ ಹ್ಯೂ, ಮೊದಲನೆಯ ಧರ್ಮಯುದ್ಧಕ್ಕೆ ಹೊರಟು, ಎರಡನೆಯ ಸಲ ಪೂರ್ವಕ್ಕೆ ಹೋದಾಗ ಗಾಯಗೊಂಡು 1101ರಲ್ಲಿ ತಾರ್ಸಸ್‌ನಲ್ಲಿ ಮಡಿದನು. ಅವರ ಸಂತತಿಯೂ ಬಹುಕಾಲ ಬಾಳಲಿಲ್ಲ. 1185ರ ಬೋವ್ ಒಪ್ಪಂದದ ತರುವಾಯ ಸೀಮೆಯು ತುಂಡುತುಂಡಾಗಿ ಅರಸ ಎರಡನೆಯ ಫಿಲಿಪನ ವಶವಾಗುತ್ತ ಹೋಗಿ, ಕೊನೆಯ ವಾರಸುದಾರಳಾದ ಎಲಿನೋರಳು 1213ರಲ್ಲಿ ಮಕ್ಕಳಿಲ್ಲದೆ ತೀರಿಕೊಂಡಾಗ ಉಳಿದದ್ದೂ ರಾಜಭೂಮಿಗೆ ಸೇರಿತು.

ಬಿರುದು ಮಾತ್ರ ಅರಮನೆಯ ಸ್ವತ್ತಾಗಿ ಉಳಿಯಿತು. 1669ರಲ್ಲಿ ಹದಿನಾಲ್ಕನೆಯ ಲೂಯಿಯು, ಲೂಯೀಸ್ ದ ಲಾ ವಾಲಿಯೇರಳಲ್ಲಿ ತನಗೆ ಹುಟ್ಟಿದ ಎರಡು ವರ್ಷದ ಮಗನನ್ನು ವರ್ಮಂದ್ವಾದ ಕೌಂಟನೆಂದೂ ಫ್ರಾನ್ಸಿನ ನೌಕಾಧಿಪತಿಯೆಂದೂ ಸಾರಿದನು. ಆ ಹುಡುಗನು 16ನೆಯ ವಯಸ್ಸಿನಲ್ಲಿ, 1683ರಲ್ಲಿ, ಫ್ಲಾಂಡರ್ಸ್ ದಂಡಯಾತ್ರೆಯಲ್ಲಿ ಕಾಯಿಲೆಯಿಂದ ಸತ್ತನು. ನೌಕಾಧಿಪತಿಯ ಪದವಿಯು ಅವನ ಮಲತಮ್ಮನಾದ ಐದು ವರ್ಷದ ಇನ್ನೊಬ್ಬ ಬಾಲಕನಿಗೆ ಹೋಯಿತು. ಆ ಬಾಲಕನಿಗಾದರೂ ತಂದೆ ಕೊಟ್ಟಿದ್ದ ಬಿರುದು ಮತ್ತೊಂದು ಹಳೆಯ ಫ್ರಾಂಕ್ ಸೀಮೆಯಾದ ಟುಲೂಸಿನ ಕೌಂಟ್ ಎಂಬುದೇ ಆಗಿತ್ತು.