ಜಿಪ್ಸಂ ಚೀಲ ಬಿಚ್ಚುವ ಮೊದಲು

ನಮಸ್ಕಾರ. ಬೆಂಗಳೂರಿನ ಸ್ಟುಡಿಯೋದಲ್ಲಿ ಕೂತು ಚಿತ್ರದುರ್ಗ, ಕೊಪ್ಪಳದ ಹೊಲದ ಬಗ್ಗೆ ಮಾತಾಡುವುದು ಸುಲಭ. ಹಾಗಾಗಿ ನೇರ ವಿಷಯಕ್ಕೆ ಬರುತ್ತೇನೆ. ಹೊಲ ಬೆಳ್ಳಗೆ ಕಂಡ ತಕ್ಷಣ ಉಪ್ಪು ಹತ್ತಿದೆ ಅಂತ ಜಿಪ್ಸಂ ಹಾಕಬೇಡಿ. ಮೊದಲು ಪರೀಕ್ಷೆ, ಆಮೇಲೆ ಜಿಪ್ಸಂ. ಇವತ್ತು ಇದನ್ನೇ ಮತ್ತೆ ಮತ್ತೆ ಹೇಳುತ್ತೇನೆ, ಬೇಜಾರು ಮಾಡ್ಕೋಬೇಡಿ.

ಉಪ್ಪಿನ ಕಾಟ ಎರಡು ಥರ. ಒಂದು ಚೌಳು. ಮಣ್ಣಿನಲ್ಲಿ ಕರಗುವ ಉಪ್ಪು ಜಾಸ್ತಿ. ಉಪ್ಪು ಹಚ್ಚಿದ ಮಾವಿನಕಾಯಿ ಹೋಳು ನೀರು ಬಿಡುತ್ತದಲ್ವಾ, ಬೇರಿಗೂ ಅದೇ ಗತಿ, ಮಣ್ಣು ಹಸಿಯಾಗಿದ್ದರೂ ಪೈರು ಬಾಡುತ್ತದೆ. ಇನ್ನೊಂದು ಕ್ಷಾರ, ಕೆಲವು ಕಡೆ ಕರ್ಲು ಅನ್ನುತ್ತಾರೆ. ಇಲ್ಲಿ ಸೋಡಿಯಂ ಮಣ್ಣಿನ ಕಣಕ್ಕೆ ಅಂಟಿಕೊಂಡು, ಮಣ್ಣು ಕದಡಿ, ಸಂದುಗಳೆಲ್ಲ ಮುಚ್ಚಿ ನೀರೇ ಇಂಗುವುದಿಲ್ಲ. ಪೂರ್ತಿ ನೆನೆಸಿದ ಮಣ್ಣಿನಿಂದ ತೆಗೆದ ರಸದ ವಿದ್ಯುತ್ ವಾಹಕತೆ ಮೀಟರಿಗೆ 4 ಡೆಸಿಸೀಮನ್ಸ್ ದಾಟಿದರೆ ಚೌಳು. ರಸಸಾರ, ಅಂದರೆ pH, 8.5 ದಾಟಿದರೆ ಕ್ಷಾರ. ಜಿಪ್ಸಂ ಬೇಕಿರುವುದು ಕ್ಷಾರಕ್ಕೆ, ಅದರ ಕ್ಯಾಲ್ಸಿಯಂ ಸೋಡಿಯಂ ಅನ್ನು ಹೊರದಬ್ಬುತ್ತದೆ. ಬರೀ ಚೌಳಾದರೆ ನೀರಿನಿಂದ ಉಪ್ಪು ತೊಳೆದು ಬಸಿಗಾಲುವೆಯಲ್ಲಿ ಹೊರಗೆ ಬಿಡಬೇಕು, ಅಲ್ಲಿ ಜಿಪ್ಸಂ ಸುರಿದರೆ ದುಡ್ಡು ದಂಡ.

ಉಪ್ಪು ಹತ್ತಿದ ಹೊಲಗಳ ನಕ್ಷೆ ಮಾಡುವಾಗ ನಾವು ಬೇಸಿಗೆಯ ಉಪಗ್ರಹ ಚಿತ್ರ ನೋಡುತ್ತೇವೆ. ಆಗ ಹೊಲ ಖಾಲಿ, ಉಪ್ಪು ಮೇಲೆ ಬಂದು ಹೊಳೆಯುತ್ತದೆ. ಅಂಥ ಒಂದು ನಕ್ಷೆ ಹಿಡಿದು ಹಿರಿಯೂರು ಕಡೆಯ ಹಳ್ಳಿಗೆ ಹೋಗಿದ್ದೆ. ಅಕ್ಕಪಕ್ಕದ ಎರಡು ಹೊಲ. ಚಿತ್ರದಲ್ಲಿ ಒಂದು ಬೆಳ್ಳಗೆ ಹೊಳೀತಿತ್ತು, ಇನ್ನೊಂದರಲ್ಲಿ ಏನೂ ಇಲ್ಲ. ಏನೂ ಇಲ್ಲದ ಹೊಲದ ಅಜ್ಜ ನಕ್ಷೆ ನೋಡಿ, "ಕಾಗ್ದದಾಗೆ ನಮ್ಮ ಹೊಲ ಚೆನ್ನಾಗೈತೆ ಸಾರ್, ಬರ್ರಿ ಹೊಲಾನೇ ನೋಡೋಣ" ಅಂದರು. ಮಳೆ ಬಂದು ಹೋಗಿತ್ತು, ಊರೆಲ್ಲ ಒಣಗಿದ್ದರೂ ಅಲ್ಲಿ ಇನ್ನೂ ನೀರು ನಿಂತಿತ್ತು. ಕಪ್ಪು ಮಿಶ್ರಿತ ಕಂದು ನೀರು. ಅಂಚಿನಲ್ಲಿ ಒಣಗಿದ ಕಡೆ ಕರ್ರಗೆ ಪದರ ಬಿರಿದಿತ್ತು. ಕ್ಷಾರ ಜಾಸ್ತಿಯಾದಾಗ ಮಣ್ಣಿನ ಕೊಳೆತ ಸತ್ವ ಕರಗಿ ಹೀಗೆ ಮೇಲೆ ಬರುತ್ತದೆ, ಮೇಲಿನಿಂದ ನೋಡಿದರೆ ಒಳ್ಳೆ ಕಪ್ಪು ಮಣ್ಣಿನ ಹಾಗೇ ಕಾಣುತ್ತದೆ! ಮೀಟರ್ ಇಟ್ಟರೆ ರಸಸಾರ 9ರ ಮೇಲೆ. ಪಕ್ಕದ ಬಿಳಿ ಹೊಲದಲ್ಲಿ ಮೀಟರ್ 8.2 ತೋರಿಸಿತು. ಒಂದು ಹನಿ ಆಸಿಡ್ ಬಿಟ್ಟರೆ ಬುಸ್ಸೆಂದು ನೊರೆ. ಬರೀ ಸುಣ್ಣದ ಹರಳು, ಜೋಳ ಬೇರೆ ಎದೆಮಟ್ಟ ಬೆಳೆದಿತ್ತು. ಆ ಹೊಲದ ಹುಡುಗ ಆಗಲೇ ಟ್ರಾಕ್ಟರ್ ತುಂಬ ಜಿಪ್ಸಂ ತಂದು ಬದುವಿನ ಮೇಲೆ ಇಳಿಸಿದ್ದ. ಅಜ್ಜ ಬಿದ್ದುಬಿದ್ದು ನಕ್ಕು, "ನಮ್ಮ ಹೊಲಕ್ಕೆ ಸುರಿಯಪ್ಪ, ಪುಣ್ಯ ಬರ್ತದೆ" ಅಂದರು.

ಬೆಂಗಳೂರಿಗೆ ಬಂದು ನೆಲೆಸಿದ ಕೆಲವರು ಮೊಬೈಲಿನಲ್ಲಿ ಊರಿನ ಹೊಲವನ್ನು ದೊಡ್ಡದು ಮಾಡಿ ನೋಡಿ, "ಬೆಳ್ಳಗಿದೆ, ಜಿಪ್ಸಂ ಹಾಕ್ಸಪ್ಪಾ" ಎಂದು ತಂದೆಗೆ ಫೋನ್ ಮಾಡುತ್ತಾರೆ. ದಯವಿಟ್ಟು ಬೇಡ. ಉಪಗ್ರಹ ಎಲ್ಲಿ ನೋಡಬೇಕು ಅಂತ ಹೇಳುತ್ತದೆ ಅಷ್ಟೇ, ಏನು ಹಾಕಬೇಕು ಅಂತಲ್ಲ. ಮೊದಲು ಪರೀಕ್ಷೆ, ಆಮೇಲೆ ಜಿಪ್ಸಂ.

ಟೈಮ್ ಆಯ್ತು ಅಂತ ಸನ್ನೆ ಮಾಡುತ್ತಿದ್ದಾರೆ, ಉಳಿದದ್ದು ಬೇಗ ಹೇಳಿಬಿಡುತ್ತೇನೆ. ಒಂದು ಹಾಳೆಯಲ್ಲಿ ನಿಮ್ಮ ಹೊಲ ಬರೆಯಿರಿ. ಬೀಜ ಹುಟ್ಟದ ಜಾಗ, ನೀರು ನಿಲ್ಲುವ ಜಾಗ, ಬೆಳ್ಳಗಾಗುವ ಜಾಗ ಗುರುತು ಮಾಡಿ. ಒಂದೊಂದರಿಂದಲೂ ಅರ್ಧ ಅಡಿ, ಒಂದು ಅಡಿ, ಎರಡು ಅಡಿ, ಮೂರು ಅಡಿ ಆಳದ ಮಣ್ಣು ಬೇರೆ ಬೇರೆ ಚೀಲಕ್ಕೆ ತುಂಬಿ ಮಣ್ಣು ಪರೀಕ್ಷಾ ಕೇಂದ್ರಕ್ಕೆ ತನ್ನಿ. ಸುಮ್ನೆ ಮೇಲಿನ ಬಿಳಿ ಪುಡಿ ಕೆರೆದು ತರಬೇಡಿ. ಬೋರ್‌ವೆಲ್ ನೀರನ್ನೂ ಒಂದು ಬಾಟಲಿಯಲ್ಲಿ ತನ್ನಿ, ಒಣ ಸೀಮೆಯಲ್ಲಿ ಎಷ್ಟೋ ಸಲ ಸೋಡಿಯಂ ಹೊಲಕ್ಕೆ ಬರುವುದೇ ಅದರಿಂದ. ಜಿಪ್ಸಂ ಬೇಕು ಅಂತ ರಿಪೋರ್ಟ್ ಬಂದರೆ ಬದು ಕಟ್ಟಿ, ಮುಂಗಾರಿಗೆ ಮೊದಲೇ ಹಾಕಿ. ಎಷ್ಟು ಹಾಕಬೇಕು ಅನ್ನುವುದೂ ಅದೇ ರಿಪೋರ್ಟಿನಲ್ಲಿರುತ್ತದೆ, ಅಂಗಡಿಯವರನ್ನು ಕೇಳಬೇಡಿ. ನಮಸ್ಕಾರ.